ಆರೋಗ್ಯ, ವಿದ್ಯೆ, ಸಂಪತ್ತು: ಸರ್ ಎಂ. ವಿಶ್ವೇಶ್ವರಯ್ಯನವರ ಜೀವನದ ಒಂದು ನೋಟ

ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಹೆಸರು ಕನ್ನಡಿಗರ ನೆನಪಿನಲ್ಲಿ ಕನ್ನಂಬಾಡಿಯ ಕಟ್ಟೆಯೊಡನೆ ಬೆಸೆದುಕೊಂಡಿದೆ. ಆ ಕಟ್ಟೆಯ ಕೆಲಸಕ್ಕೆ ಕೈಹಾಕುವ ಮುನ್ನ ಅವರು ಸುಮಾರು ಕಾಲು ಶತಮಾನ ಮುಂಬಯಿ ಪ್ರಾಂತದಲ್ಲಿ ದುಡಿದಿದ್ದರೆಂಬುದೂ, ಆ ದುಡಿಮೆಯ ಬಹುಭಾಗ ಊರುಗಳಿಗೆ ಕುಡಿಯುವ ನೀರನ್ನು ತರುವುದಕ್ಕೂ ಕೊಳಚೆಯನ್ನು ಊರಾಚೆಗೆ ಸಾಗಿಸುವುದಕ್ಕೂ ಮೀಸಲಾಗಿತ್ತೆಂಬುದೂ ಅಷ್ಟಾಗಿ ಪ್ರಚಾರದಲ್ಲಿಲ್ಲ. ನೀರಿನಿಂದ ಶಾಲೆಗೆ, ಶಾಲೆಯಿಂದ ಕಾರ್ಖಾನೆಗೆ ಅವರ ಆಸಕ್ತಿ ಹರಿದ ಕ್ರಮವನ್ನು ಗಮನಿಸಿದರೆ, ಜನರ ಆರೋಗ್ಯ, ವಿದ್ಯೆ ಮತ್ತು ಸಂಪತ್ತು ಎಂಬ ಮೂರು ವಿಷಯಗಳು ಒಂದಕ್ಕೊಂದು ಹೇಗೆ ಆಧಾರವಾಗುತ್ತವೆ ಎಂಬುದನ್ನು ಒಂದೇ ಜೀವನಚರಿತ್ರೆಯಲ್ಲಿ ಕಾಣಬಹುದು. ಆ ಆಧಾರ ಎಲ್ಲೆಲ್ಲಿ ಸಡಿಲವಾಯಿತೆಂಬುದನ್ನೂ ಅದೇ ಚರಿತ್ರೆ ತಿಳಿಸುತ್ತದೆ.

ವಿಶ್ವೇಶ್ವರಯ್ಯನವರು 1861ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಸಮೀಪದ ಮುದ್ದೇನಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸಶಾಸ್ತ್ರಿಗಳು ಸಂಸ್ಕೃತ ವಿದ್ವಾಂಸರು. ಮನೆಯಲ್ಲಿ ವಿದ್ಯೆಯಿತ್ತು, ಹಣವಿರಲಿಲ್ಲ. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಹುಡುಗ ಬೆಂಗಳೂರಿಗೆ ಬಂದು, ಸೋದರಮಾವನ ಆಸರೆಯಲ್ಲಿ ಓದನ್ನು ಮುಂದುವರಿಸಿದನು. ಸೆಂಟ್ರಲ್ ಕಾಲೇಜಿನಲ್ಲಿದ್ದಾಗ ಉಳ್ಳವರ ಮಕ್ಕಳಿಗೆ ಮನೆಪಾಠ ಹೇಳಿ ತನ್ನ ಖರ್ಚನ್ನು ತಾನೇ ತೂಗಿಸಿಕೊಳ್ಳಬೇಕಾಯಿತು. 1881ರಲ್ಲಿ ಬಿ.ಎ. ಪದವಿ ದೊರೆಯಿತು. ಓದು ಅಲ್ಲಿಗೇ ನಿಲ್ಲುವ ಸಂಭವವಿತ್ತು. ಆದರೆ ಮೈಸೂರು ಸರ್ಕಾರ ವಿದ್ಯಾರ್ಥಿವೇತನವನ್ನು ನೀಡಿ ಅವರನ್ನು ಪುಣೆಯ ವಿಜ್ಞಾನ ಕಾಲೇಜಿಗೆ ಕಳುಹಿಸಿತು. 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಅವರು ಪ್ರಥಮ ಸ್ಥಾನವನ್ನು ಪಡೆದರು. ಬಡ ಕುಟುಂಬದ ಒಬ್ಬ ಹುಡುಗನ ಮೇಲೆ ಸಂಸ್ಥಾನವೊಂದು ಹೂಡಿದ ಈ ಸಣ್ಣ ಮೊತ್ತ ಮುಂದೆ ಎಷ್ಟು ಬಗೆಯಲ್ಲಿ ಫಲಿಸಿತೆಂಬುದನ್ನು ಲೆಕ್ಕ ಹಾಕುವುದು ಕಷ್ಟ. ವಿದ್ಯೆಗೆ ಮಾಡಿದ ವೆಚ್ಚವನ್ನು ದಾನದ ಬಾಬಿಗೆ ಸೇರಿಸದೆ ಬಂಡವಾಳದ ಬಾಬಿಗೆ ಸೇರಿಸಬೇಕೆಂಬ ವಿಚಾರಕ್ಕೆ ಅವರ ಬಾಳೇ ಮೊದಲ ನಿದರ್ಶನವಾಯಿತು.

1884ರಲ್ಲಿ ಅವರು ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. ನಾಸಿಕ, ಖಾನ್‌ದೇಶ, ಪುಣೆಗಳಲ್ಲಿ ಕೆಲಸ ಮಾಡಿದ ಬಳಿಕ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಸಿಂಧ್‌ನ ಸಕ್ಕರ್ ಪಟ್ಟಣಕ್ಕೆ ನೀರು ಒದಗಿಸುವ ಹೊಣೆ ಅವರ ಪಾಲಿಗೆ ಬಂದಿತು. ಸಿಂಧೂ ನದಿಯ ನೀರು ಮಣ್ಣುಮಿಶ್ರಿತವಾದುದು. ಅದನ್ನು ಸೋಸುವ ದೊಡ್ಡ ವ್ಯವಸ್ಥೆಗೆ ಬೇಕಾದ ಹಣ ಅಲ್ಲಿನ ಪುರಸಭೆಯಲ್ಲಿರಲಿಲ್ಲ. ವಿಶ್ವೇಶ್ವರಯ್ಯನವರು ನದಿಯ ಪಾತ್ರದಲ್ಲಿಯೇ ಬಾವಿಯನ್ನು ತೋಡಿಸಿ, ಮರಳಿನ ಪದರದ ಮೂಲಕ ತಾನಾಗಿಯೇ ಸೋಸಿ ಬರುವ ನೀರನ್ನು ಮೇಲೆತ್ತಿ ಊರಿಗೆ ಹರಿಸಿದರು. 1895ರ ವೇಳೆಗೆ ಈ ಕೆಲಸ ಮುಗಿಯಿತು. ಬಡ ಊರಿಗೆ ಶುದ್ಧ ನೀರು ದುಬಾರಿಯ ವಸ್ತುವಾಗಬೇಕಿಲ್ಲ ಎಂಬುದನ್ನು ಅದು ತೋರಿಸಿಕೊಟ್ಟಿತು. ಮುಂದೆ ಸೂರತ್ತಿನ ನೀರು ಸರಬರಾಜು, ಪುಣೆಯ ನೀರು ಮತ್ತು ಒಳಚರಂಡಿಯ ಕೆಲಸಗಳು ಬಂದವು. ಕೆಲಕಾಲ ಅವರು ಪ್ರಾಂತ ಸರ್ಕಾರದ ನೈರ್ಮಲ್ಯ ಎಂಜಿನಿಯರ್ ಆಗಿದ್ದರು. 1906ರಲ್ಲಿ ಏಡನ್ ಬಂದರಿಗೆ ಹೋಗಿ ಅಲ್ಲಿನ ನೀರು ಮತ್ತು ಚರಂಡಿಯ ಸಮಸ್ಯೆಗಳನ್ನು ಪರಿಶೀಲಿಸಿ ವರದಿ ಸಲ್ಲಿಸಿದರು.

ಈ ಕೆಲಸಗಳ ಮಹತ್ವವನ್ನು ಅರಿಯಲು ಆ ಕಾಲದ ಪರಿಸ್ಥಿತಿಯನ್ನು ನೆನೆಯಬೇಕು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಮರುವರ್ಷ ಪುಣೆಯನ್ನೂ 1898ರಲ್ಲಿ ಬೆಂಗಳೂರನ್ನೂ ಮುಟ್ಟಿತು. ಮುಂಬಯಿಯ ಗಿರಣಿಗಳ ಕೆಲಸಗಾರರು ಸಾವಿರಗಟ್ಟಲೆ ಊರು ಬಿಟ್ಟು ಓಡಿದರು. ಯಂತ್ರಗಳಿದ್ದರೂ ನಡೆಸುವ ಕೈಗಳಿಲ್ಲದಂತಾಯಿತು. ವ್ಯಾಪಾರಸಮೃದ್ಧವಾದ ನಗರವನ್ನೂ ಕೊಳಕು ಕೇರಿಯ ರೋಗ ಮಂಡಿಯೂರಿಸಬಲ್ಲದೆಂಬುದು ಆ ಪ್ರಾಂತದ ಅಧಿಕಾರಿಗಳಿಗೆಲ್ಲ ಕಣ್ಣಾರೆ ಕಂಡ ಸತ್ಯವಾಗಿತ್ತು. ಅದೇ 1898ರಲ್ಲಿ ವಿಶ್ವೇಶ್ವರಯ್ಯನವರು ರಜೆ ಪಡೆದು ಜಪಾನಿಗೆ ಹೋಗಿಬಂದರು. 1872ರಲ್ಲಿಯೇ ಎಲ್ಲ ಮಕ್ಕಳಿಗೂ ಶಾಲೆ ಎಂಬ ಧ್ಯೇಯವನ್ನು ಸಾರಿದ್ದ ಆ ದೇಶದಲ್ಲಿ, ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳ ಹೊತ್ತಿಗೆ ನೂರಕ್ಕೆ ತೊಂಬತ್ತರಷ್ಟು ಮಕ್ಕಳು ಶಾಲೆಗೆ ದಾಖಲಾಗಿದ್ದರು. ಭಾರತದಲ್ಲಿ 1911ರ ಜನಗಣತಿಯ ಪ್ರಕಾರ ಅಕ್ಷರಸ್ಥರು ನೂರಕ್ಕೆ ಸುಮಾರು ಆರು ಮಂದಿ ಮಾತ್ರ. ಏಷ್ಯಾದ ಒಂದು ದೇಶ ಒಂದೇ ತಲೆಮಾರಿನಲ್ಲಿ ಸಾಧಿಸಿದ್ದನ್ನು ಇನ್ನೊಂದು ದೇಶ ಸಾಧಿಸಲಾರದೆಂಬ ಮಾತನ್ನು ಆ ಪ್ರವಾಸದ ನಂತರ ಅವರು ಒಪ್ಪಲಿಲ್ಲ.

ಪುಣೆಯ ವಾಸ ಅವರಿಗೆ ರಾನಡೆ ಮತ್ತು ಗೋಖಲೆಯವರ ಒಡನಾಟವನ್ನೂ ಒದಗಿಸಿತು. ದೇಶದ ಬಡತನವನ್ನು ಅಂಕಿ ಅಂಶಗಳ ಮೂಲಕ ವಿವೇಚಿಸುವ ಪದ್ಧತಿ ಆ ವಲಯದಲ್ಲಿ ಬೇರೂರಿತ್ತು. ಖಡಕ್‌ವಾಸ್ಲಾದ ಸ್ವಯಂಚಾಲಿತ ಬಾಗಿಲುಗಳು, ನೀರಾ ನಾಲೆಯ ಪ್ರದೇಶಕ್ಕೆ ಅವರು ಸೂಚಿಸಿದ ಬ್ಲಾಕ್ ಪದ್ಧತಿಯ ನೀರಾವರಿ ಇವುಗಳಿಂದ ಅವರ ಕೀರ್ತಿ ಬೆಳೆಯಿತು. ಆದರೂ ಇಲಾಖೆಯ ಅತ್ಯುಚ್ಚ ಸ್ಥಾನ ಭಾರತೀಯನಿಗೆ ದೊರೆಯುವ ಸಂಭವವಿರಲಿಲ್ಲ. 1908ರಲ್ಲಿ ಅವರು ಸೇವೆಯಿಂದ ನಿವೃತ್ತಿಯನ್ನು ಕೋರಿ ವಿದೇಶ ಪ್ರವಾಸಕ್ಕೆ ಹೊರಟರು.

ಅದೇ ವರ್ಷ ಸೆಪ್ಟೆಂಬರ್ 28ರಂದು ಹೈದರಾಬಾದಿನ ಮೂಸಿ ನದಿ ಉಕ್ಕಿ ಹರಿದು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ನಿಜಾಮ ಸರ್ಕಾರ ಪ್ರವಾಸದಲ್ಲಿದ್ದ ವಿಶ್ವೇಶ್ವರಯ್ಯನವರನ್ನು ಕರೆಸಿಕೊಂಡಿತು. ನಗರದ ಮೇಲ್ಭಾಗದಲ್ಲಿ ಜಲಾಶಯಗಳನ್ನು ಕಟ್ಟಿ ಪ್ರವಾಹವನ್ನು ತಡೆಯಬೇಕೆಂದು ಅವರು ಸಲಹೆ ಮಾಡಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಈ ಸಲಹೆಯ ಫಲಗಳು. ಅವರ ವರದಿ ಪ್ರವಾಹಕ್ಕೆ ಮಾತ್ರ ಸೀಮಿತವಾಗದೆ ಒಳಚರಂಡಿ, ರಸ್ತೆ, ಇಕ್ಕಟ್ಟಾದ ಕೇರಿಗಳ ಸುಧಾರಣೆಗಳನ್ನೂ ಒಳಗೊಂಡಿತ್ತು. ಒಂದು ದಿನದ ನೆರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಕೊಳಚೆಯಿಂದ ಪ್ರತಿ ವರ್ಷ ಸಂಭವಿಸುವ ಸಾವು ಯಾರ ಕಣ್ಣಿಗೂ ಬೀಳುವುದಿಲ್ಲ. ಎರಡನೆಯದನ್ನೂ ಲೆಕ್ಕಕ್ಕೆ ತೆಗೆದುಕೊಂಡದ್ದು ಆ ವರದಿಯ ಹಿರಿಮೆ.

1909ರ ನವೆಂಬರಿನಲ್ಲಿ ಅವರು ಮೈಸೂರು ಸಂಸ್ಥಾನದ ಮುಖ್ಯ ಎಂಜಿನಿಯರ್ ಆದರು. ಕೃಷ್ಣರಾಜಸಾಗರದ ಕೆಲಸ 1911ರಲ್ಲಿ ಆರಂಭವಾಯಿತು. ಅದೇ ವರ್ಷ ಹುಟ್ಟಿಕೊಂಡ ಮೈಸೂರು ಸಂಪದಭ್ಯುದಯ ಸಮಾಜದ ಹಿಂದೆಯೂ ಅವರ ಪ್ರೇರಣೆಯಿತ್ತು. ಸಮಾಜದ ಅಂಗವಾಗಿ ಕೃಷಿ, ಕೈಗಾರಿಕೆ ಮತ್ತು ವಾಣಿಜ್ಯ, ವಿದ್ಯಾಭ್ಯಾಸ ಎಂಬ ಮೂರು ಸಮಿತಿಗಳು ರಚಿತವಾದವು. ಸಂಪತ್ತಿನ ಅಭಿವೃದ್ಧಿಗಾಗಿ ಹುಟ್ಟಿದ ಸಂಸ್ಥೆಯಲ್ಲಿ ವಿದ್ಯಾಭ್ಯಾಸಕ್ಕೆ ಕೃಷಿ, ಕೈಗಾರಿಕೆಗಳಿಗೆ ಸರಿಸಮಾನವಾದ ಸ್ಥಾನವಿದ್ದುದು ಗಮನಾರ್ಹ. ಕನ್ನಡದ ಅಭ್ಯುದಯಕ್ಕೆ ಪ್ರತ್ಯೇಕ ಸಂಸ್ಥೆ ಬೇಕೆಂಬ ಆಲೋಚನೆಯೂ ಈ ಸಮಾಜದಲ್ಲಿಯೇ ರೂಪು ತಳೆದು, 1915ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಸಾಹಿತ್ಯ ಪರಿಷತ್ತು ಸ್ಥಾಪನೆಗೊಂಡಿತು. ಭಾಷೆಯ ಏಳಿಗೆಯನ್ನು ಆರ್ಥಿಕ ಏಳಿಗೆಯ ಭಾಗವೆಂದು ಎಣಿಸಿದ ಆ ದೃಷ್ಟಿ ಇಂದಿಗೂ ವಿಚಾರಾರ್ಹವಾಗಿದೆ.

1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ವಿಶ್ವೇಶ್ವರಯ್ಯನವರನ್ನು ದಿವಾನರನ್ನಾಗಿ ನೇಮಿಸಿದರು. ಅದೇ ವರ್ಷ ಗೋಖಲೆಯವರ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಮಸೂದೆ ಬ್ರಿಟಿಷ್ ಭಾರತದ ಶಾಸನಸಭೆಯಲ್ಲಿ ಸೋತಿತ್ತು. ಬಡೋದೆಯ ಸಂಸ್ಥಾನ 1906ರಲ್ಲಿಯೇ ಅಂಥ ಕಾನೂನನ್ನು ತಂದಿದ್ದಿತು. ಮೈಸೂರು 1913ರಲ್ಲಿ ಆಯ್ದ ಪ್ರದೇಶಗಳಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸುವ ಕಾಯಿದೆಯನ್ನು ಅಂಗೀಕರಿಸಿತು. ವಿಶ್ವೇಶ್ವರಯ್ಯನವರು ದಿವಾನರಾದಾಗ ಸಂಸ್ಥಾನದಲ್ಲಿ ಸುಮಾರು 4,500 ಶಾಲೆಗಳೂ 1,40,000 ವಿದ್ಯಾರ್ಥಿಗಳೂ ಇದ್ದರು. ಆರು ವರ್ಷಗಳಲ್ಲಿ ಸುಮಾರು 6,500 ಶಾಲೆಗಳು ಹೊಸದಾಗಿ ಸೇರಿ, ವಿದ್ಯಾರ್ಥಿಗಳ ಸಂಖ್ಯೆ 3,66,000ಕ್ಕೆ ಏರಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವೂ, ಮರುವರ್ಷ ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜೂ ಆರಂಭವಾದವು. ಮೈಸೂರು ಬ್ಯಾಂಕು 1913ರಲ್ಲಿ ತೆರೆಯಿತು. ಗಂಧದೆಣ್ಣೆ, ಸಾಬೂನಿನ ಕಾರ್ಖಾನೆಗಳು, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಯೋಜನೆ ಅದರ ಬೆನ್ನಿಗೇ ಬಂದವು. ಶಾಲೆ, ಬ್ಯಾಂಕು, ಕಾರ್ಖಾನೆ ಮೂರೂ ಒಂದೇ ಆಡಳಿತದ ಅವಧಿಯಲ್ಲಿ ಒಟ್ಟಾಗಿ ಮೊಳೆತದ್ದು ಆಕಸ್ಮಿಕವಲ್ಲ. ಕಾರ್ಖಾನೆಗೆ ಓದುಬಲ್ಲ ಕೆಲಸಗಾರ ಬೇಕು. ಓದಿದವನಿಗೆ ಕೆಲಸ ಬೇಕು. ಎರಡಕ್ಕೂ ಮೂಲಧನ ಬೇಕು ಎಂಬ ಸರಳ ತರ್ಕ ಅದರ ಹಿಂದಿತ್ತು.

ಆರೋಗ್ಯದ ಪ್ರಶ್ನೆ ಮಲೆನಾಡಿನಲ್ಲಿ ಬೇರೊಂದು ರೂಪದಲ್ಲಿ ಎದುರಾಯಿತು. ಅಡಕೆ, ಏಲಕ್ಕಿ, ಭತ್ತ ಬೆಳೆಯುವ ಆ ಸೀಮೆಯಲ್ಲಿ ಚಳಿಜ್ವರದ ಹಾವಳಿಯಿಂದ ಜನಸಂಖ್ಯೆ ಕುಗ್ಗುತ್ತಿತ್ತು. ಮಣ್ಣು ಫಲವತ್ತಾಗಿದ್ದರೂ ಗೆಯ್ಮೆಗೆ ಆಳಿಲ್ಲದೆ ತೋಟಗಳು ಪಾಳುಬೀಳುತ್ತಿದ್ದವು. 1914ರ ಮಲೆನಾಡು ಸುಧಾರಣಾ ಯೋಜನೆ ಕುಡಿಯುವ ನೀರು, ಊರ ಸುತ್ತಣ ಪೊದೆಗಳ ನಿವಾರಣೆ, ವೈದ್ಯಕೀಯ ನೆರವು ಇವುಗಳನ್ನು ಕೃಷಿಯ ಪ್ರಶ್ನೆಯೊಡನೆ ಸೇರಿಸಿ ನೋಡಿತು. ಗ್ರಾಮಾಭಿವೃದ್ಧಿ ಯೋಜನೆಯಲ್ಲಿಯೂ ಹಳ್ಳಿಯ ನೈರ್ಮಲ್ಯಕ್ಕೆ ಸ್ಥಾನವಿತ್ತು. ಆದರೆ ಈ ಯತ್ನಗಳು ಶಾಲೆಗಳಷ್ಟು ವೇಗವಾಗಿ ಹರಡಲಿಲ್ಲ. 1918ರ ಶರತ್ಕಾಲದಲ್ಲಿ ಇನ್‌ಫ್ಲುಯೆಂಜಾ ದೇಶವನ್ನು ವ್ಯಾಪಿಸಿದಾಗ ಅದರ ಬೆಲೆ ಗೊತ್ತಾಯಿತು. 1911ರಲ್ಲಿ ಸುಮಾರು 58 ಲಕ್ಷವಿದ್ದ ಮೈಸೂರಿನ ಜನಸಂಖ್ಯೆ 1921ರಲ್ಲಿ 59.8 ಲಕ್ಷವನ್ನಷ್ಟೇ ಮುಟ್ಟಿತು. ಹತ್ತು ವರ್ಷಗಳ ಬೆಳವಣಿಗೆಯ ಬಹುಪಾಲನ್ನು ರೋಗಗಳು ನುಂಗಿಹಾಕಿದ್ದವು. ಆ ದಶಕದಲ್ಲಿ ಭಾರತೀಯರ ಸರಾಸರಿ ಆಯುಷ್ಯ ಇಪ್ಪತ್ತು ವರ್ಷಗಳ ಆಸುಪಾಸಿನಲ್ಲಿತ್ತು. ಶಾಲೆಗೆ ಸೇರಿದ ಮಗುವಿಗೆ ಕಲಿತದ್ದನ್ನು ಬಳಸುವಷ್ಟು ಕಾಲ ಬದುಕುವ ಭರವಸೆಯೇ ಇಲ್ಲದಿದ್ದಾಗ ವಿದ್ಯೆಯ ಬಂಡವಾಳವೂ ಅರ್ಧದಲ್ಲಿಯೇ ನಷ್ಟವಾಗುತ್ತದೆ.

ಅದೇ ವರ್ಷದ ಇನ್ನೊಂದು ಘಟನೆ ವಿಶ್ವೇಶ್ವರಯ್ಯನವರ ಜೀವನದ ಅತ್ಯಂತ ಚರ್ಚಾಸ್ಪದವಾದ ಅಧ್ಯಾಯ. ಸಂಸ್ಥಾನದ ಉದ್ಯೋಗಗಳಲ್ಲಿ, ಅದರಲ್ಲಿಯೂ ಮೇಲಿನ ಹುದ್ದೆಗಳಲ್ಲಿ, ಜನಸಂಖ್ಯೆಯಲ್ಲಿ ನೂರಕ್ಕೆ ನಾಲ್ಕರಷ್ಟೂ ಇರದ ಬ್ರಾಹ್ಮಣ ಸಮುದಾಯವೇ ಹೆಚ್ಚಿನ ಪಾಲನ್ನು ಪಡೆದಿತ್ತು. 1917ರಲ್ಲಿ ಸ್ಥಾಪಿತವಾದ ಪ್ರಜಾಮಿತ್ರ ಮಂಡಲಿ ಈ ಅಸಮತೆಯನ್ನು ಎತ್ತಿ ತೋರಿಸಿತು. ಮಹಾರಾಜರು 1918ರಲ್ಲಿ ಸರ್ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದನ್ನು ನೇಮಿಸಿದರು. ನೇಮಕಕ್ಕೆ ಅರ್ಹತೆಯೊಂದೇ ಆಧಾರವಾಗಬೇಕು, ಹಿಂದುಳಿದವರನ್ನು ವಿದ್ಯೆಯ ಮೂಲಕ ಮೇಲೆತ್ತಬೇಕು ಎಂಬುದು ದಿವಾನರ ನಿಲುವಾಗಿತ್ತು. ಈ ಭಿನ್ನಾಭಿಪ್ರಾಯದ ನಡುವೆ ಆ ವರ್ಷದ ಕೊನೆಯಲ್ಲಿ ಅವರು ಅಧಿಕಾರವನ್ನು ಬಿಟ್ಟರು. 1919ರಲ್ಲಿ ಬಂದ ವರದಿ ಏಳು ವರ್ಷಗಳೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧದಷ್ಟೂ ಕೆಳಗಿನ ಹುದ್ದೆಗಳಲ್ಲಿ ಮೂರನೆಯ ಎರಡರಷ್ಟೂ ಹಿಂದುಳಿದ ಸಮುದಾಯಗಳಿಗೆ ದೊರೆಯಬೇಕೆಂದು ಶಿಫಾರಸು ಮಾಡಿತು.

ವಿಶ್ವೇಶ್ವರಯ್ಯನವರ ಪ್ರಾಮಾಣಿಕತೆಯನ್ನು ಯಾರೂ ಶಂಕಿಸುವಂತಿಲ್ಲ. ಆದರೆ ಅವರ ತರ್ಕದಲ್ಲಿ ಒಂದು ಕೊರತೆಯಿತ್ತು. ವಿದ್ಯೆ ಸಂಪತ್ತನ್ನು ತರುವುದು ನಿಜ. ಸಂಪತ್ತು ಮತ್ತು ಸ್ಥಾನಮಾನಗಳು ಇರುವ ಮನೆಗೆ ವಿದ್ಯೆ ಮೊದಲು ಬರುವುದೂ ಅಷ್ಟೇ ನಿಜ. ಈ ಚಕ್ರ ತನ್ನಷ್ಟಕ್ಕೆ ತಿರುಗಿದರೆ ಮುಂದಿದ್ದವರು ಇನ್ನಷ್ಟು ಮುಂದೆ ಹೋಗುತ್ತಾರೆ. ಓದಿದ ಮಗನಿಗೆ ಉದ್ಯೋಗ ದೊರೆಯುವುದೆಂಬ ನಂಬಿಕೆಯಿಲ್ಲದ ಕುಟುಂಬ, ದುಡಿಯುವ ಮಗುವನ್ನು ಹೊಲದಿಂದ ಬಿಡಿಸಿ ಶಾಲೆಗೆ ಏಕೆ ಕಳುಹಿಸಬೇಕು? ಮಿಲ್ಲರ್ ಸಮಿತಿಯ ಶಿಫಾರಸು ಈ ಪ್ರಶ್ನೆಗೆ ಒಂದು ಉತ್ತರವಾಗಿತ್ತು. ದಿವಾನರು ಕಟ್ಟಿಸಿದ ಸಾವಿರಾರು ಶಾಲೆಗಳೂ, ಅವರು ಒಪ್ಪದ ಆ ವರದಿಯೂ ಒಟ್ಟಿಗೆ ಸೇರಿದಾಗಲೇ ಹಳೆಯ ಮೈಸೂರಿನಲ್ಲಿ ವಿದ್ಯೆ ಹೊಸ ಮನೆಗಳ ಬಾಗಿಲನ್ನು ತಟ್ಟಿತು.

ಅಧಿಕಾರ ಬಿಟ್ಟ ಮೇಲೆ ಅವರ ಕಾರ್ಯಕ್ಷೇತ್ರ ಮತ್ತೆ ಮುಂಬಯಿಯತ್ತ ವಾಲಿತು. 1920ರಲ್ಲಿ ಪ್ರಕಟವಾದ ಭಾರತದ ಪುನರ್ನಿರ್ಮಾಣವನ್ನು ಕುರಿತ ಗ್ರಂಥದಲ್ಲಿ ಅವರು ಭಾರತವನ್ನು ಜಪಾನ್, ಕೆನಡಾ, ಬ್ರಿಟನ್ನುಗಳೊಡನೆ ಅಂಕಿ ಅಂಶಗಳ ಮೂಲಕ ಹೋಲಿಸಿದರು. 1921ರಲ್ಲಿ ಮುಂಬಯಿ ಸರ್ಕಾರ ತಾಂತ್ರಿಕ ಮತ್ತು ಔದ್ಯೋಗಿಕ ಶಿಕ್ಷಣವನ್ನು ಕುರಿತ ಸಮಿತಿಯ ಅಧ್ಯಕ್ಷತೆಯನ್ನು ಅವರಿಗೆ ವಹಿಸಿತು. ಆ ಸಮಿತಿಯಲ್ಲಿ ಏಕಾಭಿಪ್ರಾಯ ಮೂಡಲಿಲ್ಲ. ಆದರೂ ಉನ್ನತ ತಾಂತ್ರಿಕ ಶಿಕ್ಷಣದ ಬೇಡಿಕೆ ಅಡಗಲಿಲ್ಲ. 1933ರಲ್ಲಿ ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ ರಾಸಾಯನಿಕ ತಂತ್ರಜ್ಞಾನದ ವಿಭಾಗ ಆರಂಭವಾಯಿತು. 1925ರಲ್ಲಿ ಭಾರತದ ಆರ್ಥಿಕ ವಿಚಾರಣಾ ಸಮಿತಿಯ ಅಧ್ಯಕ್ಷರಾಗಿ, ದೇಶದ ಉತ್ಪನ್ನ, ವರಮಾನಗಳ ಅಂಕಿ ಅಂಶಗಳನ್ನು ಸಂಗ್ರಹಿಸಲು ಕ್ರಮಬದ್ಧವಾದ ವ್ಯವಸ್ಥೆ ಬೇಕೆಂದು ಅವರು ವಾದಿಸಿದರು. 1934ರಲ್ಲಿ ಬಂದ ಯೋಜಿತ ಅರ್ಥವ್ಯವಸ್ಥೆಯ ಗ್ರಂಥ ಹತ್ತು ವರ್ಷಗಳ ಯೋಜನೆಯೊಂದನ್ನು ದೇಶದ ಮುಂದಿಟ್ಟಿತು. ಲೆಕ್ಕವಿಲ್ಲದ ಬಡತನಕ್ಕೆ ಮದ್ದಿಲ್ಲ ಎಂಬ ನಂಬಿಕೆ ಈ ಎಲ್ಲ ಕೆಲಸಗಳ ಒಳಗಿನ ಎಳೆಯಾಗಿತ್ತು.

ಇತ್ತ ಮಂಡ್ಯದ ಸೀಮೆಯಲ್ಲಿ ಕೃಷ್ಣರಾಜಸಾಗರದ ನೀರು ಹರಿದಾಗ ಯಾರೂ ಬಯಸದ ಅತಿಥಿಯೊಬ್ಬನೂ ಅದರೊಡನೆ ಬಂದನು. ನಾಲೆಯ ಅಂಚು, ನಿಂತ ನೀರು, ಬತ್ತದ ಗದ್ದೆಗಳಲ್ಲಿ ಸೊಳ್ಳೆಗಳು ಹೆಚ್ಚಿ ಮಲೇರಿಯಾ ಹರಡಿತು. ಮೈಸೂರು ಸರ್ಕಾರ 1920ರ ದಶಕದ ಕೊನೆಯಿಂದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಲ್ಲಿ ಮಲೇರಿಯಾದ ಅಧ್ಯಯನ ಮತ್ತು ನಿಯಂತ್ರಣಕ್ಕೆ ತೊಡಗಿತು. ಮುಂದೆ ವಿಶ್ವೇಶ್ವರಯ್ಯನವರ ಹೆಸರನ್ನೇ ಹೊತ್ತ ನಾಲೆ ಕಬ್ಬನ್ನೂ 1933ರಲ್ಲಿ ಸಕ್ಕರೆ ಕಾರ್ಖಾನೆಯನ್ನೂ ತಂದಿತು. ಜ್ವರವನ್ನು ಹತೋಟಿಗೆ ತರದಿದ್ದರೆ ಆ ಸಕ್ಕರೆಯ ಸವಿ ರೈತನಿಗೆ ದಕ್ಕುತ್ತಿರಲಿಲ್ಲ. ಆರೋಗ್ಯದಿಂದ ಸಂಪತ್ತು ಬೆಳೆಯುತ್ತದೆ ಎಂಬುದರ ಜೊತೆಗೆ, ಎಚ್ಚರ ತಪ್ಪಿದರೆ ಸಂಪತ್ತಿನ ದಾರಿಯಲ್ಲಿಯೇ ರೋಗವೂ ಬರುತ್ತದೆ ಎಂಬುದನ್ನು ಮಂಡ್ಯದ ಅನುಭವ ಕಲಿಸಿತು.

1923ರಿಂದ 1929ರವರೆಗೆ ವಿಶ್ವೇಶ್ವರಯ್ಯನವರು ಭದ್ರಾವತಿಯ ಕಾರ್ಖಾನೆಯ ಆಡಳಿತ ಮಂಡಲಿಯ ಅಧ್ಯಕ್ಷರಾಗಿ, ನಷ್ಟದಲ್ಲಿದ್ದ ಅದನ್ನು ನಿಲ್ಲಿಸಿದರು. ಆ ಸೇವೆಗಾಗಿ ತಮಗೆ ಸಲ್ಲಬೇಕಾದ ಹಣವನ್ನು ಅವರು ಕಸಬುಗಳನ್ನು ಕಲಿಸುವ ಸಂಸ್ಥೆಗೆ ಬಿಟ್ಟುಕೊಟ್ಟರು; 1943ರಲ್ಲಿ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆ ತೆರೆಯಿತು. ಅರುವತ್ತು ವರ್ಷಗಳ ಹಿಂದೆ ಒಬ್ಬ ಬಡ ವಿದ್ಯಾರ್ಥಿಗೆ ಸಂಸ್ಥಾನ ಕೊಟ್ಟ ಹಣ ಹೀಗೆ ಬಹುಪಾಲಾಗಿ ಬಡ ವಿದ್ಯಾರ್ಥಿಗಳಿಗೇ ಹಿಂದಿರುಗಿತು. 1955ರಲ್ಲಿ ಅವರಿಗೆ ಭಾರತರತ್ನ ಪ್ರಶಸ್ತಿ ಸಂದಿತು. ನೂರು ವರ್ಷ ದಾಟಿದ ತುಂಬು ಬಾಳನ್ನು ಮುಗಿಸಿ 1962ರ ಏಪ್ರಿಲ್‌ನಲ್ಲಿ ಅವರು ಬೆಂಗಳೂರಿನಲ್ಲಿ ನಿಧನರಾದರು. ಅವರ ಅಂತ್ಯಕ್ರಿಯೆ ಮುದ್ದೇನಹಳ್ಳಿಯಲ್ಲಿ ನಡೆಯಿತು.

ಅವರ ನಂತರ ಅರ್ಥಶಾಸ್ತ್ರಜ್ಞರು ವಿದ್ಯೆ ಮತ್ತು ಆರೋಗ್ಯಗಳನ್ನು ಮಾನವ ಬಂಡವಾಳವೆಂದು ಕರೆದು ವಿಸ್ತಾರವಾಗಿ ವಿವೇಚಿಸಿದರು. 1990ರಲ್ಲಿ ವಿಶ್ವಸಂಸ್ಥೆಯ ಮಾನವ ಅಭಿವೃದ್ಧಿ ವರದಿ ಆಯುಷ್ಯ, ವಿದ್ಯೆ, ವರಮಾನ ಎಂಬ ಮೂರು ಅಳತೆಗಳಿಂದ ದೇಶಗಳನ್ನು ತೂಗಲಾರಂಭಿಸಿತು. ಕರ್ನಾಟಕದ ಮೊದಲ ಮಾನವ ಅಭಿವೃದ್ಧಿ ವರದಿ 1999ರಲ್ಲಿ ಬಂದಾಗ ರಾಯಚೂರು, ಗುಲ್ಬರ್ಗ ಜಿಲ್ಲೆಗಳು ಕೆಳಗಿನ ಸಾಲಿನಲ್ಲಿದ್ದವು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ನೂರಕ್ಕೆ 75ರಷ್ಟಿದ್ದರೆ, ದಕ್ಷಿಣ ಕನ್ನಡದಲ್ಲಿ ಅದು 88ನ್ನು ದಾಟಿತ್ತು. ಯಾದಗಿರಿಯಲ್ಲಿ 52ನ್ನೂ ಮುಟ್ಟಿರಲಿಲ್ಲ. ಹೈದರಾಬಾದು ನಗರ ವಿಶ್ವೇಶ್ವರಯ್ಯನವರ ಜಲಾಶಯಗಳನ್ನು ಪಡೆದ ಕಾಲದಲ್ಲಿ ಅದೇ ನಿಜಾಮ ಸಂಸ್ಥಾನಕ್ಕೆ ಸೇರಿದ್ದ ಈ ಕನ್ನಡ ಸೀಮೆಗೆ ಮೈಸೂರಿನಂತೆ ಶಾಲೆಗಳು ಬಂದಿರಲಿಲ್ಲ. ಒಂದು ಪ್ರದೇಶದಲ್ಲಿ ತೆರೆಯದೆ ಉಳಿದ ಶಾಲೆಯ ಪರಿಣಾಮ ಮೂರು ತಲೆಮಾರುಗಳ ನಂತರವೂ ಅಲ್ಲಿನ ತಾಯಂದಿರ ಆರೋಗ್ಯದಲ್ಲಿ, ವಲಸೆ ಹೋಗುವ ಕೂಲಿಗಾರರ ಸಂಖ್ಯೆಯಲ್ಲಿ ಕಾಣಿಸಿಕೊಳ್ಳುತ್ತದೆ.

ನೀರಿನ ಕೊಳವೆ, ಹಳ್ಳಿಯ ಶಾಲೆ, ಕಾರ್ಖಾನೆ ಇವು ಮೂರೂ ನಿಧಾನವಾಗಿ ಫಲಿಸುವ ಹೂಡಿಕೆಗಳು. ಫಲ ಬರುವ ವೇಳೆಗೆ ಹೂಡಿದವರು ಅಧಿಕಾರದಲ್ಲಿ ಇರುವುದಿಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದುದು ಆರು ವರ್ಷ ಮಾತ್ರ. ಆ ಆರು ವರ್ಷಗಳ ಲೆಕ್ಕ ಇನ್ನೂ ಮುಗಿದಿಲ್ಲ. ಅವರು ತೆರೆದ ಶಾಲೆಗಳೂ, ಅವರ ಕಾಲದಲ್ಲಿ ಶಾಲೆಯ ಹೊರಗೆ ಉಳಿದವರ ಮಕ್ಕಳು, ಮೊಮ್ಮಕ್ಕಳ ಬದುಕೂ ಆ ಲೆಕ್ಕದಲ್ಲಿ ಸಮಾನವಾಗಿ ಸೇರಿವೆ.